ಕಂಟ್ರೋಲರ ಮನೆಯ ಮೀನಿನ ದೀಪ

ಎದುರು ಮನೆಯ ಕಂಟ್ರೋಲರು ತೀರಿಕೊಂಡ ಸುದ್ದಿಯನ್ನು ಲಕ್ಷ್ಮೇಶ್ವರದಿಂದ ಅವರ ತಂಗಿ ಫೋನಿನಲ್ಲಿ ಹೇಳಿದಾಗ ನಾನು ಮೊದಲು ಕೇಳಿದ್ದು, “ಮೀನು ಹೆಂಗದಾವ್ರಿ?” ಎಂದು. ಆ ಹೆಣ್ಣುಮಗಳು ನನ್ನನ್ನು ಏನೆಂದುಕೊಂಡಳೋ ಗೊತ್ತಿಲ್ಲ. “ಛಲೋ ಅದಾವ್ರಿ, ಹುಡುಗ್ರು ನೋಡ್ಕೋತಾವು” ಎಂದಳು. ಅಳಬೇಕಾದಷ್ಟನ್ನು ನಾನು ಫೋನು ಇಟ್ಟ ಮೇಲೆ ಅತ್ತೆ. ನನ್ನ ಬಾಳೇ ಹಾಗೆ. ಸಾವಿನ ಹೊತ್ತಿನಲ್ಲಿ ಆಡಬೇಕಾದ ಮಾತು ಒಮ್ಮೆಯೂ ಹೊತ್ತಿಗೆ ಸರಿಯಾಗಿ ನನ್ನ ಬಾಯಿಗೆ ಬಂದಿಲ್ಲ.

ಬೆಟಗೇರಿಯ ನಮ್ಮ ಓಣಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಂಟ್ರೋಲರು ಎಂದರೆ ಅವರೇ. ಗದಗಿನ ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು, ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗಿ ಹೇಳುವುದು ಅವರ ನೌಕರಿ. ನಾನು ಶಿರಹಟ್ಟಿಯವಳು. ಕಾಲೇಜು ಓದುವ ಕಾಲದಲ್ಲಿ ಶನಿವಾರ ಊರಿಗೆ ಹೊರಟಾಗ ಆ ದನಿ “ಶಿರಹಟ್ಟಿ” ಎಂದರೆ ಸಾಕು, ಬ್ಯಾಗು ಎತ್ತಿಕೊಂಡು ಓಡುತ್ತಿದ್ದೆ. ಮುಖ ನೋಡಿರಲಿಲ್ಲ. ಮುಂದೆ ಗದಗಿನದೇ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಲು ಸೇರಿ, ಬೆಟಗೇರಿಯಲ್ಲಿ ಒಬ್ಬಳೇ ಮನೆ ಮಾಡಿದಾಗ, ಎದುರು ಮನೆಯಿಂದ ಒಂದು ಬೆಳಿಗ್ಗೆ “ಹಾಲಿನಾಂವ ಬಂದಾನ!” ಎಂದು ಕೇಳಿತು. ನಾನು ಹಾಸಿಗೆಯಿಂದ ದಡಬಡಿಸಿ ಎದ್ದು ನಿಂತೆ. ಬಸ್ಸು ಬಂತು ಎಂದೇ ತಿಳಿದಿದ್ದೆ.

ಆಳು ಮಾತ್ರ ಆ ದನಿಗೆ ತಕ್ಕವರಲ್ಲ. ಗಿಡ್ಡ, ಬಡಕಲು. ಅಷ್ಟು ದೊಡ್ಡ ಗಂಟಲು ಆ ಎದೆಯೊಳಗೆ ಹೇಗೆ ಹಿಡಿಸಿತ್ತೋ. ಮಾತನಾಡುವ ಮೊದಲು ಬಲಗೈ ಹೆಬ್ಬೆರಳಿನಿಂದ ಇಲ್ಲದ ಗುಂಡಿಯೊಂದನ್ನು ಒತ್ತುತ್ತಿದ್ದರು. ಮಾತು ಮುಗಿದ ಮೇಲೆ ಬೆರಳು ಸಡಿಲ ಬಿಡುತ್ತಿದ್ದರು. ಹೆಂಡತಿಗೆ “ಚಾ ಮಾಡು” ಎನ್ನುವಾಗಲೂ ಅಷ್ಟೇ. “ಗದ್ದಲ ಮಾಡಬ್ಯಾಡ್ರಿ, ಎಲ್ಲಾರಿಗೂ ಸೀಟ ಐತಿ” ಎಂಬುದು ಅವರ ಖಾಯಂ ಮಾತು. ರೇಶನ್ ಅಂಗಡಿಯಲ್ಲಿ ಅಂದರು, ಲಗ್ನದ ಊಟದ ಪಂಕ್ತಿಯಲ್ಲಿ ಅಂದರು. ಒಮ್ಮೆ ಓಣಿಯ ಹಿರಿಯರೊಬ್ಬರ ಮಣ್ಣಿಗೆ ಹೊರಟ ಟ್ರ್ಯಾಕ್ಟರಿಗೆ ಜನ ಮುಗಿಬಿದ್ದಾಗಲೂ ಅಂದುಬಿಟ್ಟರು. ಸತ್ತವರ ಮಗಳು ಅಳುವುದನ್ನು ಬಿಟ್ಟು ನಕ್ಕಳು. ಓಣಿ ಅದನ್ನು ಇವತ್ತಿಗೂ ಮರೆತಿಲ್ಲ.

ಅವರ ಹೆಂಡತಿ ಮಾತಿನಲ್ಲಿ ಅವರಿಗೆ ತದ್ವಿರುದ್ಧ. ಓಣಿಯ ಅರ್ಧ ಹೆಂಗಸರ ಜಂಪರು ಹೊಲಿಯುತ್ತಿದ್ದ ಆಕೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದರು. ಮಕ್ಕಳಿರಲಿಲ್ಲ. ಕಂಟ್ರೋಲರಿಗೆ ಪಾಳಿಯ ನೌಕರಿ. ಸಂಜೆ ಅವರು ಮನೆಯಲ್ಲಿದ್ದದ್ದು ಅಪರೂಪ. ನಿವೃತ್ತಿಯಾದ ಮೇಲೆ ಇನ್ನು ಇಬ್ಬರೂ ಕೂಡಿ ಸಂಜೆ ಕಟ್ಟೆಯ ಮೇಲೆ ಕೂರಬಹುದು ಅನ್ನುವಷ್ಟರಲ್ಲಿ ಆಕೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಕಣ್ಣು ಮಾತ್ರ ತೆರೆದಿರುತ್ತಿದ್ದವು, ಮತ್ತು ಅವು ದಿನವಿಡೀ ಎದುರಿನ ಗೋಡೆಯನ್ನು ನೋಡುತ್ತಿದ್ದವು.

“ಗ್ವಾಡಿ ನೋಡಿ ನೋಡಿ ಆಕಿ ಗ್ವಾಡಿನ ಆಗತಾಳ್ರಿ. ಏನರ ಅಲಗ್ಯಾಡೂದು ಕಣ್ಣಿಗೆ ಬೀಳಲಿ ಅಂತ ಡಾಕ್ಟ್ರು ಹೇಳ್ಯಾರ” ಎಂದು ಒಂದು ದಿನ ಅವರು ಗಾಜಿನ ಸಣ್ಣ ತೊಟ್ಟಿಯೊಂದನ್ನು ಎದೆಗವಚಿಕೊಂಡು ಬಂದರು. ಹೊಲಿಗೆ ಮಷಿನ್ನನ್ನು ಮಂಚದ ಎದುರಿಗೆ ಎಳೆದು, ಅದರ ಮೇಲೆ ಹಲಗೆ ಹಾಕಿ ತೊಟ್ಟಿ ಇಟ್ಟರು. ತಳಕ್ಕೆ ಉಸುಕು, ಉಸುಕಿನಲ್ಲಿ ನಾಲ್ಕಾರು ನೀರುಗಿಡ, ಬಣ್ಣಬಣ್ಣದ ಗಪ್ಪಿ ಮೀನು. ಮೀನಿಗೆಲ್ಲ ಊರಿನ ಹೆಸರಿಟ್ಟರು. ಗಿಡದ ಹಿಂದೆ ಅಡಗಿ, ಊಟ ಹಾಕಿದ ಮೇಲೂ ತಡವಾಗಿ ಬರುವ ಕೆಂಪು ಮೀನು ಮುಂಡರಗಿ. “ಮುಂಡರಗಿ ಗಾಡಿ ಯಾವತ್ತರ ಟೈಮಿಗೆ ಬಂದದ್ದೈತೇನ್ರಿ?” ಹೊಟ್ಟೆ ದಪ್ಪಗಿದ್ದ, ಎಲ್ಲರ ಪಾಲು ತಿನ್ನುವ ಒಂದು ಮೀನಿಗೆ ಶಿರಹಟ್ಟಿ ಎಂದು ಹೆಸರಿಟ್ಟು ನನ್ನ ಮುಖ ನೋಡಿದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಬಂದು ಬಾಗಿಲು ಬಡಿದರು.

“ಮೇಡಮ್, ನೀವು ಗಿಡದ ಮೇಡಮ್ ಅಲ್ರಿ? ನೀರಾಗಿನ ಗಿಡಕ್ಕ ಎಂಥಾ ದೀಪ ಹಾಕಬೇಕು ಹೇಳ್ರಿ. ಅಂಗಡ್ಯಾಂವ ಕೊಟ್ಟ ದೀಪ ನೋಡಬರ್ರಿ, ನಮ್ಮ ಮನಿ ಆರ್ಕೆಸ್ಟ್ರಾ ಸ್ಟೇಜ್ ಆಗೇತಿ.”

ಹೋಗಿ ನೋಡಿದರೆ ನಿಜವೇ. ಗುಲಾಬಿ, ನೀಲಿ ಎರಡೂ ಬೆರೆತ ಒಂದು ಪಟ್ಟಿ ದೀಪ. ಅದರ ಕೆಳಗೆ ಮೀನು ಮದುವೆ ಬ್ಯಾಂಡಿನವರ ಹಾಗೆ ಕಾಣುತ್ತಿದ್ದವು. ಗಿಡದ ಎಲೆ ಬದುಕಿದೆಯೋ ಸತ್ತಿದೆಯೋ ಆ ಬಣ್ಣದಲ್ಲಿ ತಿಳಿಯುವಂತಿರಲಿಲ್ಲ. ಟಾರ್ಚು ಬಿಟ್ಟು ನೋಡಿದಾಗ ಹಳದಿ ತಿರುಗಿದ್ದವು. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದರು.

ನನಗೆ ಹುರುಪು ಬಂತು. ವರ್ಷಗಟ್ಟಲೆ ಹುಡುಗರ ಮುಂದೆ ನೀರುಗಿಡವನ್ನು ಬಿಸಿಲಿಗಿಟ್ಟು ಗುಳ್ಳೆ ತೋರಿಸಿದವಳು ನಾನು. ಒಂದನ್ನೂ ಬೆಳೆಸಿದವಳಲ್ಲ ಎಂಬುದನ್ನು ಅವರಿಗೆ ಹೇಳಲಿಲ್ಲ. ಹಗಲಿನಂಥ ಬಿಳಿ ಬೆಳಕು ಬೇಕು, ಅದು ಮೇಲಿಂದ ನೇರ ಬೀಳಬೇಕು, ಬೆಳಿಗ್ಗೆ ಹಚ್ಚಿದ್ದನ್ನು ಮಧ್ಯಾಹ್ನದ ಮೇಲೆ ಬಂದ್ ಮಾಡಬೇಕು, ಇಲ್ಲವಾದರೆ ಆ ಬೆಳಕನ್ನು ಗಿಡದ ಬದಲು ಪಾಚಿ ಉಣ್ಣುತ್ತದೆ ಎಂದು ಒಂದು ಪೀರಿಯಡ್ಡಿನಷ್ಟು ಭಾಷಣ ಮಾಡಿದೆ. ಅವರು ಹುಬ್ಬಳ್ಳಿಯಿಂದ ಬಿಳಿ ದೀಪ ತರಿಸಿದರು. ಬೆಳಕನ್ನು ಏರಿಸಲು, ಇಳಿಸಲು ಅದಕ್ಕೆ ಒಂದು ಸಣ್ಣ ರಿಮೋಟು. ಕೆಲವೇ ದಿನಗಳಲ್ಲಿ ಹೊಸ ಚಿಗುರು ಬಂತು. ಎಲೆಗಳ ಮೇಲೆ ಸಾಸಿವೆಯಷ್ಟು ಗುಳ್ಳೆ ಕೂತವು. “ಉಸರು ಬಿಡಾಕತ್ತಾವ್ರಿ ಗಿಡ!” ಎಂದು ಅವರು ಹೆಬ್ಬೆರಳು ಒತ್ತಿ ಓಣಿಗೆಲ್ಲ ಸಾರಿದರು. ಹೆಂಡತಿಯ ಕಣ್ಣು ಮುಂಡರಗಿಯ ಹಿಂದೆ ನಿಧಾನವಾಗಿ ಹೋಗುತ್ತ ಬರುತ್ತ ಇದ್ದವು. ಕೆಲಸ ಮುಗಿಸಿ ಬಂದು ನೋಡುವವರು ಹೆಚ್ಚಾದರೆಂದು ಕಂಟ್ರೋಲರು ದೀಪ ಹಚ್ಚುವುದನ್ನು ಸಂಜೆಗೂ ಮುಂದುವರಿಸಿದರು. ನಾನೂ ಕಾಲೇಜು ಮುಗಿಸಿ, ಚಿಗುರು ನೋಡುವ ನೆವದಲ್ಲಿ ಹೋಗಿ ಕೂರುತ್ತಿದ್ದೆ. ನನ್ನ ಮನೆಯಲ್ಲಿ ನೋಡುವುದಕ್ಕೆ ಏನಿತ್ತು?

ಅಂಥ ಒಂದು ಸಂಜೆ ಅವರು ಬರಿಗಾಲಲ್ಲಿ ಓಡಿ ಬಂದರು. ಮೊದಲ ಸಲ ಹೆಬ್ಬೆರಳು ಒತ್ತದೆ, ಪಿಸುಮಾತಿನಲ್ಲಿ ಮಾತನಾಡಿದ್ದು ಅವತ್ತು.

“ಮೇಡಮ್, ಮಾತಾಡಿದ್ಲ್ರಿ ಆಕಿ. ದೀಪದ ಕಡೆ ನೋಡಿ ‘ದೊಡ್ಡದು’ ಅಂದ್ಲು. ದೊಡ್ಡದು ಮಾಡು ಅಂದ್ಲ್ರಿ!”

ನಾನು ಹೋದಾಗ ಆಕೆ ಮತ್ತೊಮ್ಮೆ ಅಂದರು. ತುಟಿ ಒಂದು ಕಡೆಗೆ ಎಳೆದಿತ್ತು, ಅಕ್ಷರ ತೊದಲಿದ್ದವು. ಆದರೂ ತಪ್ಪಿಲ್ಲದೆ ಕೇಳಿತು. “ದೊ…ಡ್ಡದು ಮಾ…ಡ.” ಕಂಟ್ರೋಲರು ರಿಮೋಟು ಒತ್ತಿ ಬೆಳಕು ಏರಿಸಿದರು. ಆಕೆಯ ಕಣ್ಣಲ್ಲಿ ನೀರು ಬಂತು. ಕಂಟ್ರೋಲರ ಕಣ್ಣಲ್ಲೂ ಬಂತು. ಲಕ್ವಾ ಹೊಡೆದವರಿಗೆ ನೋಟ ಮಂದವಾಗಿರುತ್ತದೆ, ಅದಕ್ಕೇ ಬೆಳಕು ಹೆಚ್ಚು ಬೇಡುತ್ತಾರೆ ಎಂದು ನಾನು ವಿವರಣೆ ಕೊಟ್ಟೆ. ಕೇಳುವವರಿದ್ದರೆ ನನ್ನ ಹತ್ತಿರ ಎಲ್ಲದಕ್ಕೂ ವಿವರಣೆ ಇರುತ್ತದೆ.

ಆಮೇಲೆ ಆ ಮನೆಯಲ್ಲಿ ನಡೆದದ್ದು ಬೆಳಕಿನ ಜಾತ್ರೆ. ದಿನಾ ಸಂಜೆ ಆಕೆ ಅದೇ ಮಾತು ಹೇಳುವುದು, ಇವರು ಏರಿಸುವುದು. ಏರಿಸಲು ಇನ್ನು ಉಳಿದಿಲ್ಲ ಎಂದಾದಾಗ ಎರಡನೆಯ ದೀಪ ಬಂತು. ಅದು ಸಾಲದೆಂದು ಅದಕ್ಕಿಂತ ದೊಡ್ಡ ದೀಪ. ನಾನು ಪಾಚಿಯ ಮಾತು ಎತ್ತಿದರೆ, “ಪಾಚಿ ತಿಕ್ಕಿದ್ರ ಹೋಕ್ಕೈತ್ರಿ. ಆಕಿ ಬಾಯಿಂದ ಮಾತು ಬರಾಕತ್ತೈತಲ್ಲ!” ಎನ್ನುತ್ತಿದ್ದರು. ಆ ಮುಖ ನೋಡಿ ಯಾರು ಎದುರಾಡುತ್ತಾರೆ? ಗಾಜು ಹಸಿರಾಯಿತು, ನೀರು ಹಸಿರಾಯಿತು, ಎಲೆಗಳ ಮೇಲೆ ಕೂದಲಿನಂಥ ಪಾಚಿ ಹಬ್ಬಿತು. ಮುಂಜಾನೆ ಎದ್ದು ಹಳೆಯ ಬ್ರಶ್ಶಿನಿಂದ ತಿಕ್ಕುವುದೇ ಅವರಿಗೆ ಕೆಲಸವಾಯಿತು. ನಮ್ಮೂರಿನ ಹೆಸರಿನ ಮೀನು ಒಂದು ದಿನ ಹೊಟ್ಟೆ ಮೇಲಾಗಿ ತೇಲಿತು. ಇತ್ತ ಆಕೆ “ದೊಡ್ಡದು” ಎನ್ನುವ ದನಿಯಲ್ಲಿ ಸಿಡುಕು ಸೇರಿತು. ಕಣ್ಣಿಂದ ನೀರು ಸುರಿಯುತ್ತಲೇ ಇರುತ್ತಿತ್ತು. ಸರಿಯಿದ್ದ ಎಡಗೈಯಿಂದ ಆಕೆ ಹಾಸಿಗೆಯನ್ನು ಬಡಿಯುವುದನ್ನೂ ನೋಡಿದೆ.

“ಇನ್ನೂ ಎಷ್ಟ ದೊಡ್ಡದು ಮಾಡ್ಲಿ ಹೇಳಬೇ?” ಎಂದು ಕಂಟ್ರೋಲರು ಆಕೆಯ ಎದುರು ಕೈ ಮುಗಿದು ಕೇಳಿದ್ದೂ ಉಂಟು. ಕಡೆಗೆ ಆಕೆ ಅವರ ಕಡೆ ನೋಡುವುದನ್ನೇ ಬಿಟ್ಟರು. ಮಾತು ಮರಳಿತೆಂದು ಕುಣಿದ ಮನುಷ್ಯ, ಆ ಮಾತು ಎಲ್ಲಿ ಮತ್ತೆ ನಿಂತುಹೋಗುವುದೋ ಎಂದು ಹೆದರತೊಡಗಿದರು. ಹುಬ್ಬಳ್ಳಿಗೆ ಮತ್ತೊಂದು ದೀಪಕ್ಕೆ ಹೇಳಿದರು.

ಶ್ರಾವಣದ ಒಂದು ಸೋಮವಾರ. ಆಕೆ ಮಲಗಿದಂದಿನಿಂದ ಆ ಮನೆಯ ದೇವರ ಮುಂದೆ ದೀಪ ಹಚ್ಚಿರಲಿಲ್ಲ. ಶ್ರಾವಣವಾದರೂ ಒಂದು ಎಣ್ಣೆ ದೀಪ ಬೇಡವೇ ಎಂದು ನಾನೇ ಹೋಗಿ ಹಚ್ಚಿದೆ. ಹೊರಡುವ ಹೊತ್ತಿಗೆ ಕಂಟ್ರೋಲರು, “ಹಂಗ ಇರ್ಲೇನ್ರಿ ದೀಪ?” ಎಂದರು. ನಾನು ಚಪ್ಪಲಿ ಹುಡುಕುತ್ತ, ಯೋಚಿಸದೆ, ನನ್ನ ಅವ್ವ ದಿನಾ ಅನ್ನುತ್ತಿದ್ದಂತೆಯೇ ಅಂದೆ:

“ಬ್ಯಾಡ್ರಿ, ಬೆಕ್ಕು ಬಂದು ಉಳ್ಳಸತೈತಿ. ದೊಡ್ಡದು ಮಾಡಿಬಿಡ್ರಿ.”

ಅಂದವಳು ಅಲ್ಲೇ ನಿಂತೆ. ಅವರೂ ನಿಂತರು. ನಮ್ಮ ಕಡೆ ದೀಪ ‘ಆರಿಸು’ ಎನ್ನುವುದಿಲ್ಲ; ಅಪಶಕುನ. ಆರಿಸು ಎನ್ನಬೇಕಾದಲ್ಲೆಲ್ಲ ‘ದೊಡ್ಡದು ಮಾಡು’ ಎನ್ನುತ್ತೇವೆ. ಅದು ಗೊತ್ತಿಲ್ಲದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಆದರೆ ಅದು ಎಣ್ಣೆ ದೀಪದ ಮಾತು. ಕರೆಂಟಿನ ದೀಪಕ್ಕೆ ನಾವೆಲ್ಲ ‘ಬಂದ್ ಮಾಡು’ ಎಂದೇ ಅನ್ನುವುದು, ಆಕೆಯೂ ಹಾಗೇ ಅನ್ನುತ್ತಿದ್ದಿರಬೇಕು. ಬೇನೆ ಆಕೆಯ ಬಾಯಿಂದ ಎಲ್ಲ ಮಾತು ಗುಡಿಸಿಕೊಂಡು ಹೋಗುವಾಗ, ಚಿಕ್ಕಂದಿನಲ್ಲಿ ಕಲಿತ ಆ ಒಂದು ಮಾತು ಮೂಲೆಯಲ್ಲಿ ಉಳಿದಿತ್ತು. ಅದನ್ನೇ ಆಕೆ ದಿನಾ ಸಂಜೆ ಹೇಳುತ್ತಿದ್ದರು: ಸಾಕು, ಆರಿಸಿರಿ.

ಕಂಟ್ರೋಲರು ದೇವರ ದೀಪ ಬಿಟ್ಟು ತೊಟ್ಟಿಯ ಹತ್ತಿರ ಹೋದರು. ರಿಮೋಟು ಅಲ್ಲೇ ಇತ್ತು. ಅದನ್ನು ಮುಟ್ಟದೆ ಗೋಡೆಯ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತರು. ದೇವರ ದೀಪ, ಬಾಗಿಲಿಂದ ಬರುವ ಸಂಜೆಯ ಬೆಳಕು ಅಷ್ಟೇ ಉಳಿದವು. ಆಕೆ ರೆಪ್ಪೆ ಬಡಿದರು, ಇನ್ನೊಮ್ಮೆ ಬಡಿದರು, ಆಮೇಲೆ ದಿಂಬಿನ ಮೇಲೆ ತಲೆ ಹೊರಳಿಸಿ, ತೊಟ್ಟಿಯ ಪಕ್ಕದಲ್ಲಿ ನಿಂತ ಗಂಡನನ್ನು ನೋಡಿದರು. ಅಷ್ಟು ದಿನ ಆ ಬೆಳಕಿನ ಹೊಡೆತದಲ್ಲಿ ಆಕೆಗೆ ಅವರು ಕಂಡೇ ಇರಲಿಕ್ಕಿಲ್ಲ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮನೆಗೆ ತಡವಾಗಿ ಬಂದವರನ್ನು ನೋಡುವ ಹಾಗೆ ನೋಡಿದರು.

“ಮೈಕ್ ಹಿಡದವಗ ಕಿವಿ ಇರೂದಿಲ್ರಿ ಮೇಡಮ್,” ಎಂದರು ಅವರು. “ಸಂಜಿಗೆ ನಾ ಮನ್ಯಾಗ ಇದ್ದಿದ್ರ ತಿಳೀತಿತ್ತು, ಆಕಿ ದೀಪಕ್ಕ ಏನಂತಿದ್ಲು ಅನ್ನೂದು.” ಎಂದವರು ಗೋಡೆಗೆ ಮುಖ ಮಾಡಿ ಅತ್ತರು. ನಾನು ಚಪ್ಪಲಿ ಸಿಕ್ಕರೂ ಹುಡುಕುತ್ತಲೇ ಇದ್ದೆ.

ಆಮೇಲೆ ನಾವಿಬ್ಬರೂ ದೀಪವನ್ನು ಹೊಸದಾಗಿ ಆರಿಸಿದೆವು. ಈ ಆರಿಸುವುದು ಬೇರೆಯ ಆರಿಸುವುದು. ಕನ್ನಡ ಹೀಗೆ ಕಾಡುತ್ತದೆ. ಇಷ್ಟು ದಿನ ಗಿಡಕ್ಕೆ ಬೇಕಾದ ದೀಪ ಹುಡುಕಿದ್ದೆವು. ಈಗ ಆಕೆಯ ಕಣ್ಣಿಗೆ ಹಿತವಾದ ದೀಪ ಹುಡುಕಿ, ಆ ದೀಪಕ್ಕೆ ಹೊಂದಿಕೊಳ್ಳುವ ಗಿಡ ಹಾಕೋಣ ಎಂದೆ. ಅಂಗೈ ಅಗಲದ ಒಂದು ಮಂದ ದೀಪ ಬಂತು, ಸ್ವಲ್ಪ ಹಳದಿ ಬೆರೆತ ಬೆಳಕಿನದು. ಅದು ಕಣ್ಣಿಗೆ ಹೊಡೆಯದೆ ನೀರಿಗಷ್ಟೇ ಬೀಳಲೆಂದು ಕಂಟ್ರೋಲರು ಲಗ್ನಪತ್ರಿಕೆಯ ದಪ್ಪ ರಟ್ಟಿನಿಂದ ಮರೆ ಮಾಡಿದರು. ಬೆಳಕು ಬೇಡುವ ಗಿಡ ತೆಗೆದು, ನೆರಳಲ್ಲೂ ಬದುಕುವ ದಪ್ಪೆಲೆಯ ಗಿಡ ಮತ್ತು ನೀರಿನ ಜರೀಗಿಡವನ್ನು ಕಲ್ಲಿಗೆ ಕಟ್ಟಿ ಬಿಟ್ಟೆವು. ಪಾಚಿ ತಾನಾಗಿ ಕಡಿಮೆಯಾಯಿತು. ಮುಂಡರಗಿ ಬದುಕಿತ್ತು, ತಡವಾಗಿಯೇ ಬರುತ್ತಿತ್ತು.

ಅಲ್ಲಿಂದ ಮುಂದೆ ಸಂಜೆ ಎಂದರೆ ಆ ಒಂದು ಮಾತಿಗಾಗಿ ಕಾಯುವುದು. ಸೂರ್ಯ ಮುಳುಗಿದ ಮೇಲೆ ಕಂಟ್ರೋಲರು ದೀಪದ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಕೆ ಸ್ವಲ್ಪ ಹೊತ್ತು ಮೀನು ನೋಡಿ, ಸಾಕಾದಾಗ “ದೊಡ್ಡದು ಮಾಡ” ಎನ್ನುತ್ತಿದ್ದರು. ಒಮ್ಮೊಮ್ಮೆ ಇವರು ಕೇಳಿಸಿದರೂ ಕೇಳಿಸದವರ ಹಾಗೆ ಕೂತುಬಿಡುವರು, ಇನ್ನೊಮ್ಮೆ ಹೇಳಲಿ ಎಂದು. ಆಕೆಗೂ ಅದು ಗೊತ್ತಾಗಿ, ಎಳೆದ ತುಟಿಯ ಒಂದು ಕಡೆಯಿಂದ ನಗುತ್ತಿದ್ದರು. ಆ ಮಾತಾಗುವ ತನಕ ನಾನು ಎದ್ದು ಹೋಗುತ್ತಿರಲಿಲ್ಲ. ಆಮೇಲೆ ಓಣಿ ದಾಟಿ ಬಂದು, ಬೀಗ ತೆಗೆದು, ಕತ್ತಲಲ್ಲಿ ನನ್ನ ಮನೆಯ ಗೋಡೆ ತಡವುತ್ತ ಸ್ವಿಚ್ಚು ಹುಡುಕುತ್ತಿದ್ದೆ. ಇಷ್ಟು ವರ್ಷ ಇದ್ದ ಮನೆ. ಆ ದಿನಗಳಲ್ಲೇ ಅದು ಅಷ್ಟು ಖಾಲಿ ಅನ್ನಿಸಿದ್ದು.

ಚಳಿಗಾಲದ ಒಂದು ದಿನ ಕಾಲೇಜಿನಲ್ಲಿ ತಡವಾಗಿ, ಸಂಜೆ ನಾನು ಅಲ್ಲಿಗೆ ಹೋಗಲಿಲ್ಲ. ಮರುದಿನ ಮುಂಜಾನೆ ಕಾಲೇಜಿಗೆ ಹೊರಟಾಗ ಅವರ ಬಾಗಿಲು ತೆರೆದಿತ್ತು. ಒಳಗೆ ಹೊರಗಿನ ಬಿಸಿಲಿನ ಜೊತೆ ತೊಟ್ಟಿಯ ದೀಪವೂ ಉರಿಯುತ್ತಿತ್ತು. ಅವರು ಆ ಕುರ್ಚಿಯಲ್ಲೇ ಕೂತಿದ್ದರು.

“ನಿನ್ನಿ ಸಂಜಿಗೆ ಆಕಿ ಹೇಳಲಿಲ್ರಿ,” ಎಂದರು. “ಹೇಳತಾಳ, ಈಗ ಹೇಳತಾಳ ಅಂತ ಕುಂತೇನಿ.”

ಮಂಚದ ಕಡೆ ನೋಡಿದೆ. ನೋಡಿದರೆ ತಿಳಿಯುವಂತಿತ್ತು. ಅವರಿಗೂ ತಿಳಿದಿತ್ತು ಎಂದೇ ನನ್ನ ನಂಬಿಕೆ. ನಾನು ಸ್ವಿಚ್ಚಿಗೆ ಕೈ ಚಾಚಿದೆ. ಅವರು “ನೀವು ಬ್ಯಾಡ್ರಿ” ಎಂದು ನನ್ನ ಕೈ ಸರಿಸಿದರು. ಓಣಿಯ ಜನ ಬಂದರು, ಮುಳಗುಂದದಿಂದ ಆಕೆಯ ತವರಿನವರು ಬಂದರು, ಆಕೆಯನ್ನು ಅಂಗಳಕ್ಕೆ ತಂದರು. ಆ ಗದ್ದಲದಲ್ಲಿ ಯಾರೋ ಒಳಗೆ ಹೋದವರು, ಹಗಲಲ್ಲಿ ಯಾಕೆ ದೀಪ ಎಂದುಕೊಂಡು ಬಂದ್ ಮಾಡಿದರು. ಯಾರೆಂದು ನನಗೂ ಗೊತ್ತಿಲ್ಲ. ಕಂಟ್ರೋಲರು ಕೇಳಲೂ ಇಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ತಂಗಿಯ ಮನೆಗೆ, ಲಕ್ಷ್ಮೇಶ್ವರಕ್ಕೆ ಹೋಗಿಬಿಡುತ್ತೇನೆ ಎಂದರು. ತೊಟ್ಟಿಯನ್ನು ನನಗೇ ಬಿಟ್ಟು ಹೋಗುವರು ಎಂದು ನಾನು ತಿಳಿದಿದ್ದೆ. ಇನ್ನಾರಿಗೆ ಕೊಡುತ್ತಾರೆ? ಗಿಡ ನಾನು ಕಟ್ಟಿದ್ದು, ದೀಪ ನಾನು ಹೇಳಿದ್ದು. ಕಿಟಕಿಯ ಹತ್ತಿರ ಮೇಜು ಖಾಲಿ ಮಾಡಿ, ಒರೆಸಿ ಇಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಸದಾಗಿ ಒಂದು ಪ್ಲಗ್ಗನ್ನೂ ಹಾಕಿಸಿದ್ದೆ.

ಹೊರಡುವ ಹಿಂದಿನ ದಿನ ಬಂದರು. ಒಳಗೆ ಬರ್ರಿ ಎಂದರೂ ಬಾರದೆ ಹೊಸ್ತಿಲ ಆಚೆ ನಿಂತರು. ಮೇಜು ನೋಡಿದರು, ಪ್ಲಗ್ಗು ನೋಡಿದರು. ಅವರ ದನಿ ಆಗಲೇ ಸಣ್ಣದಾಗಿತ್ತು. ಹೆಬ್ಬೆರಳು ಒತ್ತುವ ಅಭ್ಯಾಸವೂ ಹೋಗಿತ್ತು.

“ದಿನಾ ಸಂಜಿಗೆ ಹಚ್ಚತೇನ್ರಿ ಅದನ್ನ. ಹಚ್ಚೂದು ಆಕ್ಕೈತಿ. ಆಮ್ಯಾಲ ಆರಸಾಕ ಕೈ ಏಳೂದಿಲ್ರಿ. ಯಾರರ ಒಬ್ರು ಹೇಳಬೇಕಲ್ರಿ, ಸಾಕು ಅಂತ.” ಮತ್ತೆ ಮೇಜಿನ ಕಡೆ ನೋಡಿ ಕೇಳಿದರು, “ನಿಮ್ಮ ಮನ್ಯಾಗ ಸಂಜಿಗೆ ಹೇಳಾವ್ರು ಯಾರರ ಅದಾರೇನ್ರಿ?”

ಇಷ್ಟು ವರ್ಷ ಎದುರಿಗೇ ಇದ್ದವರು. ಉತ್ತರ ಅವರಿಗೆ ಗೊತ್ತಿತ್ತು.

“ಇಲ್ರಿ. ನಾ ಒಬ್ಬಾಕೀನ,” ಎಂದೆ.

“ಹಂಗಾರ ನಿಮಗ ಬ್ಯಾಡ್ರಿ ಮೇಡಮ್,” ಎಂದರು. “ತಂಗಿ ಮನ್ಯಾಗ ಮಂದಿ ಅದಾರ, ಅಲ್ಲಿಗೆ ಒಯ್ತೇನಿ. ಇದು ಸಣ್ಣ ದೀಪ ಖರೆ. ಆದ್ರ ಒಬ್ರ ಇದ್ದಲ್ಲಿ ಇದು ಭಾಳ ದೊಡ್ಡದಾಕ್ಕೈತ್ರಿ.”

ನನಗೆ ಸಿಟ್ಟು ಬಂತು. ಮರುದಿನ ಅವರು ಟಂಟಂ ರಿಕ್ಷಾದಲ್ಲಿ ಮೀನಿನ ಬಕೀಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಾಗ ನಾನು ಹೊರಗೆ ಬರಲಿಲ್ಲ, ಕಿಟಕಿಯಿಂದ ನೋಡಿದೆ. ಅವರು ನನ್ನ ಬಾಗಿಲಿನ ಕಡೆ ತಿರುಗಿ ನೋಡಿದರು, ಏನೋ ಹೇಳಿದರು. ಇಡೀ ಜಿಲ್ಲೆಗೆ ಕೇಳುತ್ತಿದ್ದ ಆ ದನಿ ಓಣಿ ದಾಟಿ ನನ್ನ ತನಕ ಬರಲಿಲ್ಲ.